ಕಂಪ್ಯೂಟರ್ ವ್ಯವಸ್ಥೆ ಮತ್ತು ಜಾಲ ಸಂಶೋಧನೆ: ವಿಶ್ವವಿದ್ಯಾಲಯಗಳ ಕೊಡುಗೆ

ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಹತ್ತಾರು ಕೆಲಸಗಳಿಗೆ ಹಂಚಿಕೊಡುವ ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಬೆಸೆಯುವ ಜಾಲ, ಸಾವಿರಾರು ಯಂತ್ರಗಳನ್ನು ಒಂದೇ ಯಂತ್ರದಂತೆ ದುಡಿಸುವ ವಿತರಿತ ವ್ಯವಸ್ಥೆ, ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ನೋಡಿಕೊಳ್ಳುವ ಸಂಗ್ರಹ ವ್ಯವಸ್ಥೆ: ಇವುಗಳ ರಚನೆ, ವರ್ತನೆ, ವೈಫಲ್ಯಗಳನ್ನು ಅಭ್ಯಾಸ ಮಾಡುವ ಶಾಖೆಯೇ ಕಂಪ್ಯೂಟರ್ ವ್ಯವಸ್ಥೆ ಮತ್ತು ಜಾಲ ಸಂಶೋಧನೆ. ಬಳಸುವವರ ಕಣ್ಣಿಗೆ ಇವು ಬೀಳುವುದಿಲ್ಲ; ಮನೆಯ ತಳಪಾಯದ ಹಾಗೆ, ಬಿರುಕು ಬಿಟ್ಟಾಗಷ್ಟೇ ನೆನಪಾಗುತ್ತವೆ. ಗಣಿತದಲ್ಲಿ ಒಂದು ಪ್ರಮೇಯವನ್ನು ಸಾಧಿಸಿ ತೋರಿಸಿದರೆ ಕೆಲಸ ಮುಗಿಯಿತು. ಇಲ್ಲಿ ಕಾಗದದ ಮೇಲೆ ಸರಿಯಾಗಿ ಕಂಡ ವಿನ್ಯಾಸವೂ ನೂರಾರು ಜನ ಒಟ್ಟಿಗೆ ಬಳಸತೊಡಗಿದ ದಿನ ಕುಸಿಯಬಹುದು. ಆದ್ದರಿಂದ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಬುದ್ಧಿಯೇ ಈ ಶಾಖೆಯ ಸಂಶೋಧನಾ ವಿಧಾನ. ಕಟ್ಟಿ, ನಾಲ್ಕು ಜನರ ಬಳಕೆಗೆ ಬಿಟ್ಟು, ಎಲ್ಲಿ ತಪ್ಪಿತೆಂದು ಅಳೆದು ನೋಡುವವರೆಗೆ ಯಾವುದೂ ಖಚಿತವಿಲ್ಲ. ಈ ವಿಧಾನಕ್ಕೆ ವಿಶ್ವವಿದ್ಯಾಲಯಗಳು ಇನ್ನೊಂದು ಕರ್ತವ್ಯವನ್ನು ಸೇರಿಸಿದವು: ಕಟ್ಟಿದ್ದನ್ನು ಬಿಚ್ಚಿ ತೋರಿಸುವುದು. ಕಂಪನಿಗಳೂ ಸರ್ಕಾರಿ ಪ್ರಯೋಗಾಲಯಗಳೂ ಕಟ್ಟಿವೆ, ಎಷ್ಟೋ ಸಲ ವಿಶ್ವವಿದ್ಯಾಲಯಗಳಿಗಿಂತ ದೊಡ್ಡದಾಗಿಯೇ ಕಟ್ಟಿವೆ. ಆದರೆ ಒಬ್ಬರು ಕಂಡುಕೊಂಡದ್ದು ಎಲ್ಲರ ತಿಳಿವಾಗುವುದು ಅದನ್ನು ಬಿಚ್ಚಿಟ್ಟಾಗ. ಈ ಕ್ಷೇತ್ರದ ಅರವತ್ತು ವರ್ಷಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಏಳುಬೀಳುಗಳು ಸ್ಪಷ್ಟವಾಗುತ್ತವೆ.

ಮೊದಲ ದಶಕಗಳು

ಯಂತ್ರವನ್ನು ಹಂಚಿಕೊಳ್ಳುವ ಪ್ರಶ್ನೆಯಿಂದ ಈ ಸಂಶೋಧನೆ ಆರಂಭವಾಯಿತು. 1960ರ ದಶಕದಲ್ಲಿ ಒಂದು ಕಂಪ್ಯೂಟರ್ ಕೋಣೆ ತುಂಬ ಇರುತ್ತಿತ್ತು, ಅದರ ಒಂದೊಂದು ಗಳಿಗೆಗೂ ಬೆಲೆ ಇತ್ತು. 1961ರಲ್ಲಿ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ನೇತೃತ್ವದ ತಂಡ ಹಲವರು ಏಕಕಾಲಕ್ಕೆ ಒಂದೇ ಯಂತ್ರವನ್ನು ಬಳಸುವ ಕಾಲಹಂಚಿಕೆಯ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1962ರಲ್ಲಿ ಬಳಕೆಗೆ ಬಂದ ಅಟ್ಲಾಸ್ ಯಂತ್ರ, ಇರುವುದಕ್ಕಿಂತ ಹೆಚ್ಚು ಮೆಮೊರಿ ಇದೆಯೆಂದು ಪ್ರೋಗ್ರಾಮಿಗೆ ತೋರುವಂತೆ ಮಾಡುವ ವರ್ಚುವಲ್ ಮೆಮೊರಿಯನ್ನು ಜಗತ್ತಿಗೆ ಪರಿಚಯಿಸಿತು. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರ 1968ರಲ್ಲಿ ವಿವರಿಸಿದ ಆಪರೇಟಿಂಗ್ ಸಿಸ್ಟಂ ಪದರ ಪದರವಾಗಿ ಕಟ್ಟಿದ್ದಾಗಿತ್ತು. ಇಬ್ಬರು ಒಂದೇ ವಸ್ತುವಿಗೆ ಕೈಹಾಕದಂತೆ ತಡೆಯುವ ಸೆಮಫೋರ್ ಎಂಬ ಸಾಧನವನ್ನು ಅದು ಪ್ರಸಿದ್ಧಿಗೆ ತಂದಿತು. ಈ ಮೂರರಲ್ಲಿ ಯಾವುದೂ ಇಂದು ಕೆಲಸದಲ್ಲಿಲ್ಲ. ಅವು ತೆರೆದಿಟ್ಟ ತತ್ವಗಳು ಮಾತ್ರ ಇಂದಿನ ಪ್ರತಿ ಮೊಬೈಲ್ ಫೋನಿನಲ್ಲೂ ಉಸಿರಾಡುತ್ತಿವೆ.

ಜಾಲಗಳ ಚರಿತ್ರೆಯಲ್ಲಿ ಈ ತೆರೆದ ಮನಸ್ಸು ಇನ್ನೂ ಢಾಳಾಗಿ ಕಾಣುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಕಟ್ಟಿದ ಆರ್ಪಾನೆಟ್‌ನ ಮೊದಲ ಸಂದೇಶ 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲ ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ವ್ಯವಸ್ಥೆ ಕುಸಿಯಿತು, ಸರಿಪಡಿಸಿ ಮತ್ತೆ ಕಳಿಸಬೇಕಾಯಿತು. ಆ ವರ್ಷದ ಏಪ್ರಿಲ್‌ನಲ್ಲೇ ಲಾಸ್ ಏಂಜಲೀಸ್‌ನ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಜಾಲದ ನಿಯಮಗಳ ಬಗೆಗಿನ ಮೊದಲ ಟಿಪ್ಪಣಿಯನ್ನು ಬರೆದು ಹಂಚಿದ್ದರು. ಅದಕ್ಕೆ ಆದೇಶವೆಂದಾಗಲಿ ಮಾನಕವೆಂದಾಗಲಿ ಹೆಸರಿಡದೆ, ಅಭಿಪ್ರಾಯ ಕೋರಿಕೆ ಎಂಬ ಅರ್ಥದ ಹೆಸರಿಟ್ಟರು. ಯಾರು ಬೇಕಾದರೂ ಓದಬಹುದು, ತಪ್ಪು ತೋರಿಸಬಹುದು, ತಿದ್ದಬಹುದು. ಇಂದಿಗೂ ಇಂಟರ್ನೆಟ್ಟಿನ ನಿಯಮಗಳು ಆರ್‌ಎಫ್‌ಸಿ ಎಂಬ ಅದೇ ಸಾಲಿನಲ್ಲಿ, ಸಂಖ್ಯೆ ಮುಂದುವರಿಸಿಕೊಂಡು ಪ್ರಕಟವಾಗುತ್ತಿವೆ.

ಹವಾಯಿ ವಿಶ್ವವಿದ್ಯಾಲಯದ ಅಲೋಹಾ ಜಾಲ ಇನ್ನೊಂದು ಬಗೆಯ ಪಾಠ. ದ್ವೀಪಗಳಲ್ಲಿ ಹರಡಿಕೊಂಡ ಬಳಕೆದಾರರನ್ನು ಒಂದು ಕಂಪ್ಯೂಟರಿಗೆ ಜೋಡಿಸಲು ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೊ ಬಳಸಿದರು. ನಿಯಮ ಸರಳ: ಕಳಿಸಬೇಕೆನಿಸಿದಾಗ ಕಳಿಸು, ಬೇರೆಯವರ ಮಾತಿಗೆ ಡಿಕ್ಕಿ ಹೊಡೆದು ಹಾಳಾದರೆ, ಯಾದೃಚ್ಛಿಕವಾಗಿ ಆರಿಸಿದಷ್ಟು ಹೊತ್ತು ಕಾದು ಮತ್ತೆ ಕಳಿಸು. ಇಷ್ಟು ಸಡಿಲವಾದ ನಿಯಮದಲ್ಲಿ ಚಾನೆಲ್ಲಿನ ಗರಿಷ್ಠ ಬಳಕೆ ಸುಮಾರು 18.4 ಪ್ರತಿಶತ ಎಂದು ಅವರು ಗಣಿತದಿಂದ ತೋರಿಸಿದರು. ಕಾಲವನ್ನು ಸಮಾನ ತುಂಡುಗಳಾಗಿ ಕತ್ತರಿಸಿ, ತುಂಡಿನ ಆರಂಭದಲ್ಲಷ್ಟೇ ಮಾತಾಡಬೇಕೆಂದು ನಿಯಮ ಬಿಗಿ ಮಾಡಿದರೆ ಅದು ಇಮ್ಮಡಿಯಾಗಿ 36.8 ಪ್ರತಿಶತಕ್ಕೆ ಏರುತ್ತದೆ. ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ರಾಬರ್ಟ್ ಮೆಟ್‌ಕಾಫ್ ಈ ಲೆಕ್ಕವನ್ನು ಓದಿ ಬೆಳೆಸಿದರು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಅವರು ರೂಪಿಸಿದ ಈಥರ್‌ನೆಟ್‌ಗೆ ಅಲೋಹಾದ ಅನುಭವವೇ ಬುನಾದಿ. ಹವಾಯಿಯ ತಂಡ ತನ್ನ ಜಾಲದ ಮಿತಿಯನ್ನು ಮುಚ್ಚಿಟ್ಟಿದ್ದರೆ, ಅದನ್ನು ಮೀರುವ ದಾರಿ ಇನ್ನೊಬ್ಬರಿಗೆ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ.

1986ರ ಕುಸಿತ

ಕಟ್ಟಿ ನೋಡುವುದರಿಂದ ಮಾತ್ರ ದಕ್ಕುವ ತಿಳಿವು ಎಂಥದೆಂಬುದಕ್ಕೆ 1986ರ ಅಕ್ಟೋಬರ್ ತಿಂಗಳ ಘಟನೆಗಿಂತ ಒಳ್ಳೆಯ ನಿದರ್ಶನವಿಲ್ಲ. 1983ರ ಜನವರಿ 1ರಂದು ಆರ್ಪಾನೆಟ್ ಟಿಸಿಪಿ/ಐಪಿ ನಿಯಮಗಳಿಗೆ ಬದಲಾಗಿತ್ತು. ಅದೇ ವರ್ಷ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆ ನಿಯಮಗಳನ್ನು ಒಳಗೊಂಡ 4.2ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯನ್ನು, ಪರವಾನಗಿ ಇದ್ದ ಸಂಸ್ಥೆಗಳಿಗೆ ಸೋರ್ಸ್ ಕೋಡ್ ಸಮೇತ ಹಂಚಿತು. ಜಾಲ ಬೆಳೆಯಿತು, ಬಳಕೆ ಹೆಚ್ಚಿತು. ಮೂರು ವರ್ಷದ ಮೇಲೆ, ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಸೊರಗಿತು. ಎರಡು ಜಾಗಗಳ ನಡುವಿನ ದೂರ ಸುಮಾರು 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಕಡೆ 40 ಬಿಟ್ ಸಾಗತೊಡಗಿತು. ಎರಡು ಸಾವಿರ ಇಂಗ್ಲಿಷ್ ಅಕ್ಷರಗಳ ಒಂದು ಪುಟ ಮೊದಲು ಅರ್ಧ ಸೆಕೆಂಡಿನಲ್ಲಿ ತಲುಪುತ್ತಿದ್ದರೆ, ಈಗ ಅದಕ್ಕೆ ಆರು ನಿಮಿಷ ನಲವತ್ತು ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಪುಟವನ್ನು ಕೈಯಲ್ಲಿ ಹಿಡಿದು ನಡೆದುಹೋಗಿ ಕೊಡಬಹುದಿತ್ತು.

ವಿಚಿತ್ರವೆಂದರೆ ಯಾವ ತಂತಿಯೂ ತುಂಡಾಗಿರಲಿಲ್ಲ, ಯಾವ ಯಂತ್ರವೂ ಕೆಟ್ಟಿರಲಿಲ್ಲ. ದಾರಿಯಲ್ಲಿನ ಯಂತ್ರದ ಸರತಿ ತುಂಬಿದಾಗ ಅದು ಹೊಸದಾಗಿ ಬಂದ ಪ್ಯಾಕೆಟ್ಟನ್ನು, ಅಂದರೆ ದತ್ತಾಂಶದ ತುಣುಕನ್ನು, ಕೈಬಿಡುತ್ತದೆ. ಕಳಿಸಿದ ಕಂಪ್ಯೂಟರ್ ಉತ್ತರ ಬರಲಿಲ್ಲವೆಂದು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ಸರತಿಯಲ್ಲಿ ತಡವಾಗಿ ನಿಂತ ಪ್ಯಾಕೆಟ್ಟನ್ನೂ ಕಳೆದುಹೋಯಿತೆಂದೇ ತಿಳಿದು ಇನ್ನೊಂದು ಪ್ರತಿ ಕಳಿಸುತ್ತದೆ. ಎಲ್ಲರೂ ಹೀಗೆ ಮಾಡಿದಾಗ ದಾರಿ ತುಂಬ ಪ್ಯಾಕೆಟ್ಟುಗಳೇ, ಆದರೆ ಬಹುಪಾಲು ಹಳೆಯದರ ಪ್ರತಿಗಳು. ಒಂದೊಂದು ಕಂಪ್ಯೂಟರೂ ನಿಯಮಕ್ಕೆ ಸರಿಯಾಗಿಯೇ ನಡೆದುಕೊಂಡಿತ್ತು, ಒಟ್ಟು ಜಾಲ ಮಾತ್ರ ನಿಂತುಹೋಗಿತ್ತು. ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದ ಮೈಕೆಲ್ ಕ್ಯಾರೆಲ್ಸ್ ಇದರ ಬೆನ್ನು ಹತ್ತಿದರು. ಜೇಕಬ್‌ಸನ್ 1988ರಲ್ಲಿ ಮಂಡಿಸಿದ ಪ್ರಬಂಧ ಪರಿಹಾರವನ್ನು ವಿವರಿಸಿತು. ಕಳಿಸುವವನು ಮೊದಲು ಒಂದೇ ಪ್ಯಾಕೆಟ್ ಕಳಿಸಬೇಕು. ಅದು ತಲುಪಿದ ಸುದ್ದಿ ಬಂದಮೇಲೆ ಎರಡು, ಆಮೇಲೆ ನಾಲ್ಕು, ಹೀಗೆ ಏರಿಸಬೇಕು. ದಾರಿಯ ಮಿತಿ ಹತ್ತಿರವಾದಂತೆ ಒಂದೊಂದೇ ಹೆಚ್ಚಿಸಬೇಕು. ಪ್ಯಾಕೆಟ್ ಕಳೆದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ತಟ್ಟನೆ ತಗ್ಗಿಸಬೇಕು. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಸರಾಸರಿಯ ಜೊತೆಗೆ ಏರಿಳಿತವನ್ನೂ ಅಳೆದು ನಿರ್ಧರಿಸಬೇಕು.

ನಿಧಾನವಾಗಿ ಏರಿಸು, ಬೇಗ ತಗ್ಗಿಸು ಎಂಬ ಈ ನಡತೆ ಏಕೆ ನ್ಯಾಯವಾದದ್ದು ಎಂಬುದನ್ನು ಡಾಮಿಂಗ್ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಗಣಿತದಿಂದ ತೋರಿಸಿದರು. ಒಂದು ದಾರಿಯನ್ನು ಇಬ್ಬರು ಹಂಚಿಕೊಂಡಿದ್ದಾರೆ. ಒಬ್ಬನದು 8 ಪಾಲು, ಇನ್ನೊಬ್ಬನದು 2, ಅಂತರ 6. ದಟ್ಟಣೆಯಾದಾಗ ಇಬ್ಬರೂ ತಮ್ಮ ಪಾಲನ್ನು ಅರ್ಧ ಮಾಡಿದರೆ 4 ಮತ್ತು 1 ಆಗುತ್ತದೆ, ಅಂತರ 3ಕ್ಕೆ ಇಳಿಯುತ್ತದೆ. ಬಳಿಕ ಇಬ್ಬರೂ ಒಂದೊಂದೇ ಏರಿಸುತ್ತ ಹೋದರೆ ಅಂತರ 3ರಲ್ಲೇ ನಿಲ್ಲುತ್ತದೆ. ಮತ್ತೆ ಅರ್ಧ ಮಾಡಿದಾಗ ಒಂದೂವರೆಗೆ ಬರುತ್ತದೆ. ಯಾರೂ ಮಧ್ಯಸ್ಥಿಕೆ ವಹಿಸದೆ, ಇಬ್ಬರೂ ಒಬ್ಬರನ್ನೊಬ್ಬರು ಕಾಣದೆಯೇ ಸಮಪಾಲಿನತ್ತ ಸಾಗುತ್ತಾರೆ. ಚಿಯು ಮತ್ತು ಜೈನ್ ಆಗ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದರು. ಸರತಿ ತುಂಬುವ ಮೊದಲೇ ಒಂದು ಬಿಟ್ಟಿನ ಗುರುತು ಹಾಕಿ ಎಚ್ಚರಿಸುವ ಉಪಾಯವನ್ನು ಅದೇ ಕಂಪನಿಯಲ್ಲಿ ಕೆ.ಕೆ. ರಾಮಕೃಷ್ಣನ್ ಮತ್ತು ಜೈನ್ ರೂಪಿಸಿದರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. 2001ರಲ್ಲಿ ಆ ಉಪಾಯವೇ ಇಂಟರ್ನೆಟ್ಟಿನ ನಿಯಮಾವಳಿಗೂ ಸೇರಿತು. ಹಾಗಾದರೆ ಇಲ್ಲಿ ವಿಶ್ವವಿದ್ಯಾಲಯದ ಪಾಲೆಷ್ಟು? ಲೋಪವನ್ನು ಕಂಡವರ ಕೈಯಲ್ಲಿ ಅದರ ಸೋರ್ಸ್ ಕೋಡ್ ಇತ್ತು. ತಿದ್ದಿದ ಕೋಡ್ 1988ರ ಬಿಎಸ್‌ಡಿ ಆವೃತ್ತಿಯಲ್ಲಿ ಸೇರಿ ಊರೂರಿಗೆ ಹೋಯಿತು. ತೆರೆದಿಟ್ಟ ಒಂದು ವ್ಯವಸ್ಥೆಯ ಸುತ್ತ ಪ್ರಯೋಗಾಲಯ, ಕಂಪನಿ, ಕಾಲೇಜುಗಳು ಒಂದೇ ಪ್ರಶ್ನೆಯನ್ನು ಹಂಚಿಕೊಳ್ಳಲು ಸಾಧ್ಯವಾಯಿತು.

ಮುಚ್ಚಿದ ಪೆಟ್ಟಿಗೆಗಳು

ಮುಂದಿನ ಎರಡು ದಶಕಗಳಲ್ಲಿ ಇಂಟರ್ನೆಟ್ ವ್ಯಾಪಾರವಾಯಿತು, ಅದರ ಒಡಲು ಮುಚ್ಚಿತು. ರೂಟರ್, ಸ್ವಿಚ್‌ಗಳು ತಯಾರಕರ ತಂತ್ರಾಂಶದ ಸಮೇತ ಮೊಹರು ಹಾಕಿದ ಪೆಟ್ಟಿಗೆಗಳಾಗಿ ಬರತೊಡಗಿದವು. ಹೊಸ ವಿಚಾರ ಹೊಳೆದ ವಿದ್ಯಾರ್ಥಿ ತನ್ನದೇ ಕ್ಯಾಂಪಸ್ಸಿನ ಜಾಲದಲ್ಲಿ ಅದನ್ನು ಪರೀಕ್ಷಿಸುವಂತಿರಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಟಿನ್ ಕಸಾಡೊ, ಅವರ ಮಾರ್ಗದರ್ಶಕ ನಿಕ್ ಮೆಕ್‌ಕ್ಯೂನ್, ಬರ್ಕ್‌ಲಿಯ ಸ್ಕಾಟ್ ಶೆಂಕರ್ ಮತ್ತಿತರರು 2007ರಲ್ಲಿ ಈಥೇನ್ ಎಂಬ ಜಾಲವನ್ನು ಮುನ್ನೂರಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅಳವಡಿಸಿ ನಡೆಸಿದರು. ಪ್ರತಿ ಸ್ವಿಚ್ಚೂ ತಾನೇ ಯೋಚಿಸುವ ಬದಲು, ನಿರ್ಧಾರವೆಲ್ಲ ಒಂದು ಕೇಂದ್ರದ ತಂತ್ರಾಂಶದಲ್ಲಿ. ಸ್ವಿಚ್ಚಿನ ಕೆಲಸ ಹೇಳಿದ ಕಡೆಗೆ ಪ್ಯಾಕೆಟ್ ದಾಟಿಸುವುದಷ್ಟೇ. ಮರುವರ್ಷ ಬಂದ ಓಪನ್‌ಫ್ಲೋ ಪ್ರಬಂಧದ ಗುರಿ ಕ್ಯಾಂಪಸ್ ಜಾಲಗಳನ್ನು ಪ್ರಯೋಗಕ್ಕೆ ತೆರೆಯುವುದಾಗಿತ್ತು. 2013ರ ಹೊತ್ತಿಗೆ ಗೂಗಲ್ ತನ್ನ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಜಾಗತಿಕ ಜಾಲವನ್ನು ಇದೇ ತತ್ವದ ಮೇಲೆ ನಡೆಸುತ್ತಿರುವುದಾಗಿ ಪ್ರಕಟಿಸಿತು. ಒಂದು ಕಟ್ಟಡದಲ್ಲಿ ಕಟ್ಟಿ ನೋಡಿದ್ದು ಖಂಡಗಳ ನಡುವೆ ಕೆಲಸಕ್ಕೆ ಬಂತು.

ಇಂಥ ಸಾಲು ಉದ್ದವಾಗಿದೆ. ಬರ್ಕ್‌ಲಿಯ 1988ರ ರೇಡ್ ಪ್ರಬಂಧ ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ನಂಬಲರ್ಹ ಸಂಗ್ರಹ ಕಟ್ಟುವ ಬಗೆಯನ್ನು ತಿಳಿಸಿತು. ಕೇಂಬ್ರಿಜ್‌ನ ಝೆನ್ 2003ರಲ್ಲಿ ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸಿತು. 2006ರಲ್ಲಿ ಆರಂಭವಾದ ಅಮೆಜಾನ್‌ನ ಬಾಡಿಗೆ ಕಂಪ್ಯೂಟರ್ ಸೇವೆ ಅದರ ಮೇಲೆ ನಿಂತಿತು. ಇವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಹಲವು ಸರ್ವರ್‌ಗಳಲ್ಲಿ ಕೆಲವು ಕೆಟ್ಟರೂ ಉಳಿದವು ಒಮ್ಮತಕ್ಕೆ ಬರುವ ವಿಧಾನಗಳು ಮೊದಲೇ ಇದ್ದವು, ಆದರೆ ಅವು ಅರ್ಥವಾಗುವುದು ಕಷ್ಟ ಎಂಬ ದೂರಿತ್ತು. ಸ್ಟ್ಯಾನ್‌ಫರ್ಡ್‌ನ ಡಿಯೆಗೊ ಒಂಗಾರೊ ಮತ್ತು ಜಾನ್ ಆಸ್ಟರ್‌ಹೌಟ್ 2014ರಲ್ಲಿ ರಾಫ್ಟ್ ಎಂಬ ವಿಧಾನವನ್ನು ಪ್ರಕಟಿಸಿದಾಗ, ಸುಲಭವಾಗಿ ಅರ್ಥವಾಗುವುದೇ ತಮ್ಮ ಗುರಿ ಎಂದರು. ಪರೀಕ್ಷೆಯನ್ನೂ ಮಾಡಿದರು: 43 ವಿದ್ಯಾರ್ಥಿಗಳಿಗೆ ಹಳೆಯದಾದ ಪ್ಯಾಕ್ಸೋಸ್ ಮತ್ತು ಹೊಸದಾದ ರಾಫ್ಟ್ ಎರಡನ್ನೂ ಕಲಿಸಿ ಪ್ರಶ್ನೆ ಕೇಳಿದರೆ, 33 ಮಂದಿ ರಾಫ್ಟ್‌ನಲ್ಲಿ ಹೆಚ್ಚು ಅಂಕ ಪಡೆದರು. ವೇಗ, ಲಾಭಗಳ ಅಳತೆಗೋಲು ಹಿಡಿದ ಜಾಗದಲ್ಲಿ, ಕಲಿಯುವವರಿಗೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ ಹುಟ್ಟುವುದು ಅಪರೂಪ. ದಿನವೂ ಪಾಠ ಹೇಳುವ ಜಾಗದಲ್ಲಿ ಅದು ಸಹಜವಾಗಿ ಹುಟ್ಟುತ್ತದೆ.

ಭಾರತದಲ್ಲಿ

ಭಾರತದಲ್ಲಿ ಜಾಲ ಸಂಶೋಧನೆಗೆ ನೆಲೆ ಸಿಕ್ಕಿದ್ದು 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭಿಸಿದ ಅರ್ನೆಟ್ ಯೋಜನೆಯಿಂದ. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ಸ್ವತಃ ಇಲಾಖೆ ಅದರ ಪಾಲುದಾರರು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಈ ಸಂಸ್ಥೆಗಳಲ್ಲಿ ಜಾಲ ನಡೆಸಬಲ್ಲ ಜನ ತಯಾರಾಗಿದ್ದರು. ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್, ಜಾಯ್ ಕುರಿ ಮತ್ತು ಮುಂಬೈ ಐಐಟಿಯ ಡಿ. ಮಂಜುನಾಥ್ 2004ರಲ್ಲಿ ಪ್ರಕಟಿಸಿದ ಗ್ರಂಥ ಜಾಲಗಳ ವರ್ತನೆಯನ್ನು ಗಣಿತದ ನೆಲೆಯಲ್ಲಿ ಕಲಿಸುವ ಮುಖ್ಯ ಪಠ್ಯಗಳಲ್ಲಿ ಒಂದು.

ಇಲ್ಲಿನ ನೆಲವೇ ಎತ್ತಿದ ಪ್ರಶ್ನೆಗಳೂ ಉಂಟು. ವೈಫೈ ಮನೆ, ಕಚೇರಿಯೊಳಗಿನ ಬಳಕೆಗೆಂದು ಮಾಡಿದ್ದು. ಹಳ್ಳಿಗಳಿಗೆ ತಂತಿ ಎಳೆಯುವ ಖರ್ಚು ಉಳಿಸಲು ಗೋಪುರದ ಮೇಲೆ ಆಂಟೆನಾ ಕಟ್ಟಿ ಅದನ್ನೇ ಹತ್ತಾರು ಕಿಲೋಮೀಟರ್ ಒಯ್ದರೆ ಎರಡು ತೊಡಕು ಬರುತ್ತವೆ. ಸಂದೇಶ ಹೋಗಿ ಉತ್ತರ ಬರುವಷ್ಟರಲ್ಲಿ ಕಾಯುವ ಅವಧಿ ಮುಗಿದಿರುತ್ತದೆ. ಒಂದೇ ಗೋಪುರದ ಒಂದು ಆಂಟೆನಾ ಕೇಳುತ್ತಿರುವಾಗ ಪಕ್ಕದ್ದು ಕೂಗಿದರೆ ಕೇಳುವುದು ಹಾಳಾಗುತ್ತದೆ. ಗೋಪುರದ ಎಲ್ಲ ಆಂಟೆನಾಗಳೂ ಒಟ್ಟಿಗೆ ಮಾತಾಡಬೇಕು, ಒಟ್ಟಿಗೆ ಕೇಳಬೇಕು ಎಂಬ ಸರದಿಯ ನಿಯಮವನ್ನು ಕಾನ್ಪುರ ಐಐಟಿಯ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ ವಿವರಿಸಿದರು. ಬರ್ಕ್‌ಲಿಯ ತಂಡವೊಂದು ಆ ದಾರಿಯನ್ನು ಮುಂದುವರಿಸಿ, ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಅದರ ಗ್ರಾಮೀಣ ದೃಷ್ಟಿ ಕೇಂದ್ರಗಳೊಂದಿಗೆ ಬೆಸೆಯಿತು. ಹಳ್ಳಿಯಲ್ಲಿ ಕುಳಿತ ರೋಗಿ ಆಸ್ಪತ್ರೆಯ ವೈದ್ಯರೊಂದಿಗೆ ವಿಡಿಯೊ ಮೂಲಕ ಮಾತಾಡುವಂತಾಯಿತು. ಗೋಪುರ ಹತ್ತಿ ಕಟ್ಟದಿದ್ದರೆ ಈ ತೊಡಕು ಯಾವ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ.

ಆಕ್ಷೇಪಗಳು

ಕಟ್ಟಿ, ಬಿಚ್ಚಿ ತೋರಿಸುವುದೇ ವಿಶ್ವವಿದ್ಯಾಲಯಗಳ ಕೊಡುಗೆ ಎಂಬ ವಾದಕ್ಕೆ ಇರುವ ಬಲವಾದ ಆಕ್ಷೇಪ ಗಾತ್ರದ್ದು. ಲಕ್ಷಗಟ್ಟಲೆ ಯಂತ್ರಗಳಿರುವ ಡೇಟಾ ಸೆಂಟರ್‌ಗಳು ಕಂಪನಿಗಳ ಕೈಯಲ್ಲಿವೆ; ಅಲ್ಲಿನ ಸಮಸ್ಯೆಗಳು ವಿಶ್ವವಿದ್ಯಾಲಯದ ಹತ್ತಿಪ್ಪತ್ತು ಯಂತ್ರಗಳ ಕೋಣೆಯಲ್ಲಿ ಕಾಣಿಸುವುದೇ ಇಲ್ಲ ಎಂಬುದು. ಇದರಲ್ಲಿ ಸತ್ಯವಿದೆ. ದೊಡ್ಡ ದತ್ತಾಂಶವನ್ನು ಸಂಗ್ರಹಿಸಿ ಸಂಸ್ಕರಿಸುವ ಮುಖ್ಯ ವಿಚಾರಗಳು 2003-04ರಲ್ಲಿ ಗೂಗಲ್‌ನಿಂದಲೇ ಬಂದವು. ಆದರೆ ಗೂಗಲ್ ಅವನ್ನು ಪ್ರಬಂಧವಾಗಿ ಪ್ರಕಟಿಸಿದ್ದರಿಂದಲೇ ಅವು ವಿಜ್ಞಾನದ ಭಾಗವಾದವು, ಆ ಮೇಲೆ ಬರ್ಕ್‌ಲಿಯಲ್ಲಿ ದತ್ತಾಂಶ ಸಂಸ್ಕರಿಸುವ ಸ್ಪಾರ್ಕ್ ಎಂಬ ವ್ಯವಸ್ಥೆ ಹುಟ್ಟಿತು ಎಂಬುದನ್ನೂ ನೆನೆಯಬೇಕು. ಇನ್ನು ಕೆಲವು ಕೆಲಸಗಳಿಗೆ ಯಂತ್ರಗಳ ಸಂಖ್ಯೆಗಿಂತ ತಾಳ್ಮೆ ಮುಖ್ಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಕೇಂದ್ರದ ತಂಡ ಎಸ್‌ಇಎಲ್4 ಎಂಬ ಆಪರೇಟಿಂಗ್ ಸಿಸ್ಟಂ ತಿರುಳಿನ ಸುಮಾರು 8,700 ಸಾಲು ಕೋಡ್ ತನ್ನ ವಿವರಣೆಗೆ ತಕ್ಕಂತೆಯೇ ನಡೆಯುತ್ತದೆಂದು 2009ರಲ್ಲಿ ಗಣಿತದಿಂದ ಸಾಧಿಸಿತು. ಅದಕ್ಕೆ ತಗುಲಿದ್ದು ಹಲವು ವರ್ಷಗಳ ಪರಿಶ್ರಮ. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ಸಂಸ್ಥೆ ಇಂಥದಕ್ಕೆ ಕೈಹಾಕುವುದು ಕಷ್ಟ. ತಯಾರಕರ ಹಂಗಿಲ್ಲದ ಪರೀಕ್ಷಕರೂ ಬೇಕು. 2018ರ ಜನವರಿಯಲ್ಲಿ ಜಗತ್ತಿನ ಬಹುಪಾಲು ಪ್ರೊಸೆಸರ್‌ಗಳ ದೋಷಗಳನ್ನು ಬಯಲಿಗಿಟ್ಟವರಲ್ಲಿ ಗೂಗಲ್‌ನ ಸಂಶೋಧಕರ ಜೊತೆಗೆ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಇದ್ದರು.

ತೆರೆದಿಡುವುದೇ ಅಪಾಯವಲ್ಲವೇ ಎಂಬುದು ಎರಡನೆಯ ಆಕ್ಷೇಪ. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಬಿಟ್ಟ, ತಾನಾಗಿ ಹರಡುವ ‘ಹುಳು’ ಪ್ರೋಗ್ರಾಂ ಬರ್ಕ್‌ಲಿ ಯೂನಿಕ್ಸಿನ ಲೋಪಗಳನ್ನೇ ಬಳಸಿ ಸಾವಿರಾರು ಯಂತ್ರಗಳನ್ನು ನಿಲ್ಲಿಸಿತು. ಒಬ್ಬರನ್ನೊಬ್ಬರು ನಂಬಿದ ಸಣ್ಣ ಬಳಗಕ್ಕೆಂದು ಕಟ್ಟಿದ ಜಾಲದಲ್ಲಿ ಭದ್ರತೆಗೆ ತಕ್ಕ ಗಮನ ಕೊಡದಿದ್ದದ್ದು ಆ ಪೀಳಿಗೆಯ ನಿಜವಾದ ತಪ್ಪು, ಅದರ ಬೆಲೆಯನ್ನು ಇಂದಿಗೂ ತೆರುತ್ತಿದ್ದೇವೆ. ಆದರೆ ಅಂದು ಹುಳುವನ್ನು ಬಿಡಿಸಿ ನೋಡಿ, ತಿದ್ದುಪಡಿಯನ್ನು ಬೇಗನೆ ಹಂಚಿದವರೂ ಬರ್ಕ್‌ಲಿ, ಎಂಐಟಿಗಳ ಜನರೇ. ಕೋಡ್ ಅವರ ಕೈಯಲ್ಲಿತ್ತು. ಮುಚ್ಚಿಟ್ಟಿದ್ದರೆ ಲೋಪ ಇಲ್ಲವಾಗುತ್ತಿರಲಿಲ್ಲ, ಪತ್ತೆ ತಡವಾಗುತ್ತಿತ್ತು.

ಮೂರನೆಯ ಆಕ್ಷೇಪ ಒಳಗಿನವರದೇ. ಪಿಎಚ್‌.ಡಿ. ಮುಗಿದ ಮರುದಿನ ಕೋಡ್ ಅನಾಥವಾಗುತ್ತದೆ, ಪ್ರಬಂಧದ ಅಂಕಿಗಳನ್ನು ಇನ್ನೊಬ್ಬರು ಪಡೆಯಲಾಗುವುದಿಲ್ಲ ಎಂಬ ದೂರು ಹಳೆಯದು, ನ್ಯಾಯವಾದದ್ದು. ಬಿಚ್ಚಿ ತೋರಿಸುವುದೇ ವಿಶ್ವವಿದ್ಯಾಲಯದ ವಿಶೇಷವೆಂದ ಮೇಲೆ, ಹಾಗೆ ಮಾಡದ ಕೆಲಸ ಅರ್ಧಕ್ಕೇ ನಿಂತಂತೆ. ಈಗ ದೊಡ್ಡ ಸಮ್ಮೇಳನಗಳು ಪ್ರಬಂಧದ ಜೊತೆಗೆ ಕೋಡ್ ತರಿಸಿಕೊಂಡು, ಓಡಿಸಿ ನೋಡಿ ಗುರುತು ಹಾಕುವ ಪದ್ಧತಿ ತಂದಿವೆ. ಇದನ್ನು ಹೊರಗಿನಿಂದ ಹೇರಿದ ಶಿಸ್ತೆಂದು ನೋಡದೆ, ಸ್ಟೀವ್ ಕ್ರಾಕರ್ ಅವರ ಮೊದಲ ಟಿಪ್ಪಣಿಯ ಮನೋಭಾವಕ್ಕೆ ಮರಳುವುದೆಂದು ನೋಡಬೇಕು.

ಆ ಮನೋಭಾವದ ಒಂದು ಎಳೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳವರೆಗೂ ಬಂದಿದೆ. ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಮೊಳೆತು ಹಲವು ಸಂಸ್ಥೆಗಳ ಕೈಯಲ್ಲಿ ಬೆಳೆದ, ಜಾಲವನ್ನು ಕಂಪ್ಯೂಟರಿನೊಳಗೇ ಅನುಕರಿಸಿ ತೋರಿಸುವ ಎನ್‌ಎಸ್ ಎಂಬ ಉಚಿತ ತಂತ್ರಾಂಶವನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲ ಪ್ರಯೋಗಾಲಯದ ಪಠ್ಯ ಬಳಸಿಕೊಂಡಿದೆ. ಅಲ್ಲಿನ ಪ್ರಯೋಗಗಳಲ್ಲಿ ಒಂದು, ಟಿಸಿಪಿಯ ರವಾನೆಯ ಮಿತಿ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂದು ನಕ್ಷೆ ಬರೆಯುವುದು. ಪರದೆಯ ಮೇಲೆ ಗರಗಸದ ಹಲ್ಲಿನಂಥ ಗೆರೆ ಮೂಡುತ್ತದೆ: ನಿಧಾನ ಏರು, ತಟ್ಟನೆ ಇಳಿತ, ಮತ್ತೆ ಏರು. 1986ರಲ್ಲಿ ನಾನೂರು ಗಜದ ದಾರಿಯಲ್ಲಿ ಸಿಕ್ಕಿಬಿದ್ದ ಪ್ಯಾಕೆಟ್ಟುಗಳಿಂದ ಕಲಿತ ಪಾಠವೇ ಆ ಗೆರೆ. ಅದನ್ನು ರೆಕಾರ್ಡ್ ಪುಸ್ತಕಕ್ಕೆ ನಕಲಿಸಿ ಸಹಿ ಪಡೆದರೆ ಅಂಕ ಸಿಗುತ್ತದೆ. ಇಳಿತ ಅಲ್ಲೇ ಏಕೆ ಬಂತು, ಸರತಿಯ ಉದ್ದ ಬದಲಿಸಿದರೆ ಹಲ್ಲು ಹೇಗೆ ಬದಲಾದೀತು ಎಂದು ತಂತ್ರಾಂಶವನ್ನು ಬಿಚ್ಚಿ ತಿದ್ದಿ ಓಡಿಸಿದರೆ ಸಂಶೋಧನೆ ಶುರುವಾಗುತ್ತದೆ. ಬಿಚ್ಚಲು ಬೇಕಾದದ್ದೆಲ್ಲ ಆ ಕೋಣೆಯ ಕಂಪ್ಯೂಟರಿನಲ್ಲೇ ಇದೆ. ಯಾರೋ ಅದನ್ನು ತೆರೆದಿಟ್ಟು ಹೋಗಿದ್ದಾರೆ.